ಮೂಲೆ ಸೈಟು, ಎರಡು ಅಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಓಹಾಯೋದಲ್ಲಿ ಮನೆ ತಗೊಂಡಿದ್ದೀರಿ. ಗರಾಜಿನಲ್ಲಿ ಒಂದೇ ಕಾರು ಹಿಡಿಯುತ್ತೆ. ಪಕ್ಕದಲ್ಲಿ ಕಾರ್‌ಪೋರ್ಟ್ ಹಾಕಿಸಿ ಡ್ರೈವ್‌ವೇ ಅಗಲ ಮಾಡಿಸೋಣ ಅಂದರೆ, ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಸಾಲದು, ವೇರಿಯನ್ಸ್ (ನಿಯಮದಿಂದ ವಿನಾಯಿತಿ) ತಗೊಂಡು ಬನ್ನಿ ಅಂತ ಸಿಟಿಯವರು ವಾಪಸ್ ಕಳಿಸಿದ್ದಾರೆ. "ನಮ್ಮ ಜಾಗದಲ್ಲಿ ನಾಲ್ಕು ಕಂಬ ನೆಟ್ಟು ಶೀಟು ಹಾಕೋಕೆ ಇವರನ್ನ ಯಾಕೆ ಕೇಳಬೇಕು?" ಅಂದಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನೂ ಹೀಗೇ ಹಾರಾಡಿದ್ದೆ.

ಕೇಳಲೇಬೇಕು. ಅದರಲ್ಲೂ ನೀವಿರುವುದು ಓಹಾಯೋದಲ್ಲಿ. ಝೋನಿಂಗ್ ಮಾಡುವ, ಅಂದರೆ ಎಲ್ಲಿ ಏನು ಕಟ್ಟಬಹುದು ಅಂತ ನಿಯಮ ಹಾಕುವ ಹಕ್ಕು ಊರಿನ ಆಡಳಿತಕ್ಕಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಒಪ್ಪಿದ್ದು ಇದೇ ರಾಜ್ಯದ ಯೂಕ್ಲಿಡ್ ಎಂಬ ಊರಿನ ಕೇಸಿನಲ್ಲಿ. ನಮ್ಮ ಕಡೆ ಮೊದಲು ಕಟ್ಟಿ, ಆಮೇಲೆ ಅಕ್ರಮ-ಸಕ್ರಮ ಬರಲಿ ಅಂತ ಕಾಯುತ್ತೇವೆ ಅಲ್ವಾ, ಇಲ್ಲಿ ಆ ದಾರಿ ಹಿಡಿಯಬೇಡಿ. ಕಟ್ಟಿದ್ದನ್ನು ನಿಮ್ಮ ಕೈಯಲ್ಲೇ ಕೀಳಿಸಬಹುದು.

ನನ್ನದು ಮೂಲೆ ಸೈಟು. ಬೆಂಗಳೂರಿನಲ್ಲಿ ಮೂಲೆ ಸೈಟು ಅಂದರೆ ಬೆಲೆಯೂ ಜಾಸ್ತಿ, ಜಂಬವೂ ಜಾಸ್ತಿ. ಅದೇ ಖುಷಿಯಲ್ಲಿ ಕೊಂಡೆ. ಇಲ್ಲಿ ಬಹಳ ಊರುಗಳಲ್ಲಿ ಮೂಲೆ ಸೈಟಿಗೆ ಎರಡು ಮುಂಭಾಗ. ಎರಡೂ ರಸ್ತೆ ಕಡೆ ಮುಂದಿನ ಸೆಟ್‌ಬ್ಯಾಕನ್ನೇ ಬಿಡಬೇಕು. ಇಲ್ಲಿ ನಾನಿರುವ ಊರಲ್ಲಿ ಅದು 30 ಅಡಿ. ಗರಾಜ್ ಗೋಡೆಯಿಂದ ರಸ್ತೆ ಅಂಚಿನವರೆಗೆ ಟೇಪ್ ಹಿಡಿದೆ, 52 ಅಡಿ ಬಂತು. ಧಾರಾಳವಾಯ್ತು ಅಂತ 14 ಅಡಿ ಅಗಲದ ಕಾರ್‌ಪೋರ್ಟಿಗೆ ನಕ್ಷೆ ಬರೆದೆ. ಸರ್ವೆಯವರು ಬಂದು ಮೆಟಲ್ ಡಿಟೆಕ್ಟರ್ ಆಡಿಸಿ, ಹುಲ್ಲಿನಡಿ ಹೂತಿದ್ದ ತುಕ್ಕು ಹಿಡಿದ ಕಬ್ಬಿಣದ ಸರಳನ್ನು ಕೆದಕಿ ತೋರಿಸಿದರು. ಗಡಿ ಅದು. ರಸ್ತೆಯಿಂದ 12 ಅಡಿ ಒಳಗಿತ್ತು! ಅಷ್ಟು ದಿನ ಬೆವರು ಸುರಿಸಿ ಹುಲ್ಲು ಕತ್ತರಿಸಿದ್ದು ಸುಮ್ನೆ ಊರಿನ ಸೇವೆ. ಉಳಿದದ್ದು 40 ಅಡಿ, ಅದರಲ್ಲಿ ಸೆಟ್‌ಬ್ಯಾಕಿನ 30 ಕಳೆದರೆ ನನ್ನ ಪಾಲಿಗೆ 10. ನಾನೂ ವೇರಿಯನ್ಸ್ ಕೇಳಬೇಕಾಯಿತು.

ವೇರಿಯನ್ಸ್ ಕೊಡುವ ಮಂಡಳಿಗೆ ಬೋರ್ಡ್ ಆಫ್ ಝೋನಿಂಗ್ ಅಪೀಲ್ಸ್ ಅಂತ ಹೆಸರು ದೊಡ್ಡದು, ಕೂತವರು ಊರಿನ ಐದು ಜನ. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ನಾನು ಹಿಮದ ಕಾಟ, ಅತ್ತೆಯ ಮಂಡಿನೋವು ಎಲ್ಲ ಹೇಳಿಕೊಂಡೆ. ಅಧ್ಯಕ್ಷೆ ಸಮಾಧಾನವಾಗಿ ಕೇಳಿಸಿಕೊಂಡು, "ಹಿಮ ಎಲ್ಲರ ಕಾರಿನ ಮೇಲೂ ಬೀಳುತ್ತೆ. ನಿಮ್ಮ ಸೈಟಿಗೇನು ತೊಡಕು?" ಅಂದರು. ಬಾಯಿ ಕಟ್ಟಿಹೋಯಿತು. ಮುಂದಿನ ತಿಂಗಳಿಗೆ ಹಾಕಿದರು.

ಅವರಿಗೆ ಬೇಕಿರುವುದು ನಿಮ್ಮ ಕಷ್ಟವಲ್ಲ, ನೆಲದ ಕಷ್ಟ. ಸೈಟು ಸೊಟ್ಟಗಿದೆಯಾ, ಇಳಿಜಾರಾ, ಹಿಂದುಗಡೆ ಈಸ್‌ಮೆಂಟ್ (ಪೈಪು, ಲೈನು ಇಂಥದ್ದಕ್ಕೆ ಬೇರೆಯವರಿಗೆ ಹಕ್ಕಿರುವ ಪಟ್ಟಿ) ಹಾದುಹೋಗಿದೆಯಾ ನೋಡಿಕೊಳ್ಳಿ. ಇಲ್ಲಿ ಇಂಥ ಅಳತೆಯ ವೇರಿಯನ್ಸಿಗೆ ಓಹಾಯೋ ಸುಪ್ರೀಂ ಕೋರ್ಟಿನ 1986ರ ಡಂಕನ್-ಮಿಡಲ್‌ಫೀಲ್ಡ್ ತೀರ್ಪಿನ ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ಕೇಳುತ್ತಿರುವುದು ತೀರಾ ಜಾಸ್ತಿಯಾ, ಅಕ್ಕಪಕ್ಕದವರಿಗೆ ತೊಂದರೆಯಾ, ಬೇರೆ ದಾರಿ ಇದೆಯಾ, ಕೊಳ್ಳುವಾಗ ನಿಯಮ ಗೊತ್ತಿತ್ತಾ, ಹೀಗೆ. ಗೊತ್ತಿದ್ದರೆ ಗೊತ್ತಿತ್ತು ಅನ್ನಿ, ಪ್ರಮಾಣ ಮಾಡಿರುತ್ತೀರಿ.

ಎರಡನೇ ಸಲ 14 ಅಡಿಯನ್ನು 12ಕ್ಕೆ ಇಳಿಸಿದೆ. ಅಂದರೆ ಕೇಳಿದ್ದು ಎರಡೇ ಅಡಿ. ಹಿತ್ತಲು ತೊರೆಗೆ ಜಾರುವ ಫೋಟೊ ಇಟ್ಟೆ. ಅಕ್ಕಪಕ್ಕದವರಿಗೆ ಸಿಟಿಯಿಂದ ನೋಟಿಸ್ ಹೋಗುತ್ತೆ, ಅದಕ್ಕೂ ಮುಂಚೆ ನೀವೇ ನಕ್ಷೆ ಹಿಡಿದು ಹೋಗಿ. ನಾನು ಕೋಡುಬಳೆಯನ್ನೂ ಒಯ್ದಿದ್ದೆ. ಎದುರು ಮನೆಯ ಅಜ್ಜನಿಗೆ ಇದ್ದದ್ದು ಒಂದೇ ಅಂಜಿಕೆ, ಮುಂದೊಂದು ದಿನ ನಾನು ಗೋಡೆ ಕಟ್ಟಿ ಮುಚ್ಚಿದರೆ ತಿರುವಿನಲ್ಲಿ ಬರುವ ಕಾರು ಕಾಣುವುದಿಲ್ಲ ಅಂತ. ಮೂರು ಕಡೆ ತೆರೆದೇ ಇರಲಿ ಎಂಬ ಷರತ್ತನ್ನು ನಾನೇ ಬರೆದುಕೊಟ್ಟೆ. ಐವರಲ್ಲಿ ನಾಲ್ವರು ಒಪ್ಪಿದರು.

ಡ್ರೈವ್‌ವೇ ಕಾಂಕ್ರೀಟಿಗೂ ಮಿತಿ ಇರುತ್ತೆ, ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿ. ಇಲ್ಲದಿದ್ದರೆ ಇನ್ನೊಂದು ಸಲ ಫೀ ಕಟ್ಟಬೇಕಾದೀತು. ಬಿಲ್ಡಿಂಗ್ ಪರ್ಮಿಟ್ ಬೇರೆ. ಬಡಾವಣೆಯಲ್ಲಿ ಎಚ್‌ಒಎ (ಮನೆ ಮಾಲೀಕರ ಸಂಘ) ಇದೆಯಾ? ನೀವು ಬರೆದಿಲ್ಲ. ಇದ್ದರೆ ಮೊದಲು ಅಲ್ಲಿಗೆ ಹೋಗಿ. ಸಿಟಿ ಹೂಂ ಅಂದರೂ ಅವರು ಊಹೂಂ ಅನ್ನಬಹುದು. ಗುಂಡಿ ತೋಡುವ ಮುಂಚೆ 811ಕ್ಕೆ ಫೋನ್ ಮಾಡಿದರೆ ಗ್ಯಾಸ್, ಕರೆಂಟ್ ಲೈನಿಗೆ ಪುಕ್ಕಟೆ ಗುರುತು ಹಾಕಿ ಹೋಗುತ್ತಾರೆ.

ಮನೆ ಕೊಂಡಾಗ ಬ್ಯಾಂಕಿನ ಸಾಲಕ್ಕೆಂದು ಮಾಡಿಸಿದ ನಕ್ಷೆ ನಿಮ್ಮ ಫೈಲಿನಲ್ಲಿ ಇದ್ದೀತು. ಅದನ್ನು ನಂಬಿ ಅಳೆಯಬೇಡಿ, ಅದು ಗಡಿಯ ಸರ್ವೆ ಅಲ್ಲ. ಆದರೂ ಫೋಟೊ ಕಳಿಸಿ, ಈಸ್‌ಮೆಂಟ್ ಏನಾದರೂ ಕಾಣುತ್ತಾ ನೋಡಿ ಹೇಳ್ತೀನಿ.