ಎರೆ ನೆಲದಲ್ಲಿ ಮನೆ: ಪಾಯ ಎಷ್ಟು ಆಳ?

ಪ್ರಶ್ನೆ: ಅಜ್ಜಂಪುರದ ಹತ್ತಿರ ನಮ್ಮ 30×40 ಸೈಟು ಪೂರ್ತಿ ಎರೆ ಮಣ್ಣು. ನಾಲ್ಕಡಿ ಅಗೆದು, ಒಂದಡಿ ಮರಳು ಹಾಸಿ, ಸೈಜುಗಲ್ಲಿನ ಪಾಯ ಕಟ್ಟಿದರೆ ಸಾಕು ಅಂತಾರೆ ಮೇಸ್ತ್ರಿ. ಹಾಗೆ ಕಟ್ಟಿದ ಪಕ್ಕದ ಮನೆ ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಏನು ಮಾಡಲಿ?

ಉತ್ತರ: ಸಾಲದು. ಮರಳಂತೂ ಬೇಡವೇ ಬೇಡ. ಮಳೆನೀರು ಅದರಲ್ಲಿ ನಿಂತು ಸುತ್ತಲಿನ ಎರೆಗೆ ಇಳಿಯುತ್ತಲೇ ಇರುತ್ತದೆ. ಎರೆಯೊಳಗಿನ ಮಾಂಟ್‌ಮೊರಿಲೊನೈಟ್ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರಬಹುದು. ನಾಲ್ಕಡಿ ಪಾಯ ಅದರ ನಡುವೆಯೇ ಕೂರುತ್ತದೆ. ಮನೆಯಂಚಿನ ಮಣ್ಣು ನೆನೆದಷ್ಟು ನಡುಮನೆಯದು ನೆನೆಯುವುದಿಲ್ಲ, ಗೋಡೆ ಓರೆಯಾಗಿ ಸೀಳುವುದು ಅದಕ್ಕೇ.

ಮೊದಲು ಲ್ಯಾಬಿನಲ್ಲಿ ‘ಫ್ರೀ ಸ್ವೆಲ್’ ಪರೀಕ್ಷೆ ಮಾಡಿಸಿ. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣನ್ನು 10 ಗ್ರಾಂನಂತೆ ಒಂದು ಜಾಡಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ 10 ಮಿಲೀ, ನೀರಿನಲ್ಲಿ 18 ಮಿಲೀ ನಿಂತರೆ ಉಬ್ಬು ಶೇ 80. ಶೇ 50 ದಾಟಿದರೆ ಅಂಡರ್‌ರೀಮ್ಡ್ ಪೈಲ್ ಕಡೆ ನೋಡಿ.

ಇದು ಬುಡದಲ್ಲಿ ಗೆಡ್ಡೆ ಬಿಟ್ಟಂಥ ಕಾಂಕ್ರೀಟ್ ಕಂಬ. ಕಾಂಡ 300 ಮಿಮೀ ಇದ್ದರೆ ಬಲ್ಬ್ ಅದರ ಎರಡೂವರೆ ಪಟ್ಟು, 750 ಮಿಮೀ. ಆಳ ಕನಿಷ್ಠ 3.5 ಮೀಟರ್. ಮೇಲಿನ ಎರೆ ಉಬ್ಬಿ ಕಂಬವನ್ನು ಎತ್ತಲು ಹೋದರೆ ಬಲ್ಬ್ ಹಿಡಿದು ನಿಲ್ಲಿಸುತ್ತದೆ. ಸರಳು ಬುಡದವರೆಗೂ ಇಳಿಯಬೇಕು. ಕಂಬದಿಂದ ಕಂಬಕ್ಕೆ ಬಲ್ಬಿನ ಎರಡು ಪಟ್ಟು, ಅಂದರೆ 1.5 ಮೀಟರಿಗೆ ಕಡಿಮೆ ಬೇಡ. ಎಷ್ಟು ಕಂಬ, ಎಷ್ಟು ಸರಳು ಎಂಬುದನ್ನು ಎಂಜಿನಿಯರ್ ಲೆಕ್ಕ ಹಾಕಲಿ.

ಕೆಲಸ ಕೆಡುವುದು ಬಲ್ಬಿನಲ್ಲೇ, ಅದು ಕಣ್ಣಿಗೆ ಕಾಣುವುದಿಲ್ಲವಲ್ಲ! ಹಾಗಾಗಿ ಕಾಂಕ್ರೀಟ್ ಅಳೆಯಿರಿ. ಬರೀ ಕಾಂಡಕ್ಕೆ ಸುಮಾರು 0.25 ಘನ ಮೀಟರ್, ಬಲ್ಬ್ ಸೇರಿ 0.32 ಹಿಡಿಯಬೇಕು. 0.25ಕ್ಕೇ ತುಂಬಿತೆಂದರೆ ಬಲ್ಬ್ ಕೊರೆದಿಲ್ಲ, ಇಲ್ಲವೇ ಕುಸಿದ ಮಣ್ಣು ತಳದಲ್ಲೇ ಉಳಿದಿದೆ. ಕೊರೆದ ಗುಂಡಿಯನ್ನು ರಾತ್ರಿ ಬಿಡದೆ ಅಂದೇ ತುಂಬಿಸಿ.

ಕಂಬಗಳ ತಲೆ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮ್ ನೆಲಕ್ಕೆ ತಾಗಕೂಡದು, ಅಡಿಯಲ್ಲಿ 80 ಮಿಮೀ ಖಾಲಿ ಇರಲಿ. ಎಷ್ಟೋ ಕಡೆ ಆ ಜಾಗಕ್ಕೇ ಮಣ್ಣು ತುರುಕಿ ದಮ್ಮಸ್ಸು ಮಾಡಿರುತ್ತಾರೆ. ಆಮೇಲೆ ಎರೆ ಉಬ್ಬಿ ಬೀಮನ್ನೇ ಎತ್ತುತ್ತದೆ.

ಪ್ರಶ್ನೆ: ಕಡೂರಿನ ನಮ್ಮ ಮನೆಗೆ ಪೈಲ್ ಇದ್ದರೂ ಹಾಲಿನ ಟೈಲ್ಸ್ ಎದ್ದಿವೆ, ಯಾಕೆ?

ಉತ್ತರ: ಪೈಲ್ ಹೊರುವುದು ಗೋಡೆಯನ್ನು, ನೆಲಹಾಸನ್ನಲ್ಲ. ಅದರಡಿಯ ಎರೆ ತೆಗೆದು, ಉಬ್ಬದ ಗ್ರ್ಯಾವೆಲ್ ಮಣ್ಣನ್ನು ಪದರಪದರವಾಗಿ ತುಂಬಿ ದಮ್ಮಸ್ಸು ಮಾಡಬೇಕಿತ್ತು. ಈಗ ಮೊದಲು ಬಚ್ಚಲಿನ ಪೈಪ್ ಸೋರುತ್ತಿದೆಯೇ ನೋಡಿ.