ಕಾದಂಬರಿ ಮನಸ್ಸಿಗೆ ತಟ್ಟಿತ್ತು, ಅದರ ಕಲಾತ್ಮಕ ಚಿತ್ರ ಏಕೆ ಸಪ್ಪೆ?

ಪಾತ್ರದ ಒಳಮಾತನ್ನು ಕೈಬಿಟ್ಟು ಘಟನೆಗಳನ್ನಷ್ಟೇ ಎತ್ತಿಕೊಂಡರೆ ಹೀಗಾಗುತ್ತದೆ. ಕಲಬುರಗಿ ಸೀಮೆಯ ಕಥೆಯೊಂದನ್ನು ಊಹಿಸಿಕೊಳ್ಳಿ: ತೊಗರಿ ಹೊಲದ ಬದುವಿನ ಮೇಲೆ ಕುಳಿತ ಮುದುಕ ಬಡ್ಡಿಯ ಲೆಕ್ಕ ಹಾಕುತ್ತ, ತೀರಿಹೋದ ಹೆಂಡತಿಯೊಂದಿಗೆ ಮನಸ್ಸಿನಲ್ಲೇ ಜಗಳವಾಡುತ್ತಾನೆ. ಓದುವಾಗ ಆ ಜಗಳ ನಮಗೆ ಕೇಳಿಸುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಮುದುಕ, ಬಿಸಿಲು, ಹೊಲ ಅಷ್ಟೇ. ಆ ಮೌನವನ್ನು ಎಷ್ಟು ಎಳೆದರೂ ಆಳ ಬರುವುದಿಲ್ಲ, ಆಕಳಿಕೆ ಬರುತ್ತದೆ. ಬಹಳಷ್ಟು ಕಲಾತ್ಮಕ ಚಿತ್ರಗಳು ಎಡವುವುದು ಇಲ್ಲಿಯೇ.

ಒಳಮಾತಿನ ಜಾಗದಲ್ಲಿ ಕಣ್ಣಿಗೆ ಕಾಣುವ ಏನನ್ನಾದರೂ ನಿರ್ದೇಶಕರು ಹುಡುಕಲೇಬೇಕು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ದಲ್ಲಿ (1977) ಗಿರೀಶ ಕಾಸರವಳ್ಳಿಯವರು ಗರ್ಭಿಣಿಯಾದ ಯುವ ವಿಧವೆ ಯಮುನಕ್ಕನ ಸಂಕಟವನ್ನು ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ತೋರಿಸಿದರು. ಅವನಿಗೆ ಪೂರ್ತಿ ಅರ್ಥವಾಗದ್ದು ನೋಡುವ ನಮಗೆ ಅರ್ಥವಾಗುತ್ತದೆ, ಕರುಳು ಹಿಂಡುತ್ತದೆ.