ಮೂರರಲ್ಲಿ ಯಾವ ಜೀಪು?

ಓದುಗರ ಪತ್ರ: ಬಾಳೂರು ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಮನೆಯಿಂದ ಟಾರು ರಸ್ತೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಕಾರು ಮನೆ ಬಿಟ್ಟು ಹೊರಡುವುದೇ ಇಲ್ಲ. ಹಳೇ ಜೀಪು ತಗೊಳ್ಳೋಣ ಅಂತ ಮೂರು ನೋಡಿದ್ದೇನೆ. ಒಂದು ಮೂಡಿಗೆರೆಯಲ್ಲಿದೆ: 1995ರ ಮಹೀಂದ್ರ ಎಂಎಂ 540, ಪ್ಯೂಜೊ ಎಂಜಿನ್, ಕೆಎ-18 ನಂಬರ್, ನೋಡಲು ಚೆನ್ನಾಗಿಲ್ಲ. ಎರಡನೆಯದು ಸಕಲೇಶಪುರದಲ್ಲಿ: ಅದೂ 540, 1998ರದ್ದು, ಡಿಐ ಎಂಜಿನ್ ಕೂರಿಸಿದ್ದಾರೆ, ಹೊಸ ಪೇಂಟು, ದಪ್ಪ ಟೈರು, ಹೊರರಾಜ್ಯದ ನಂಬರ್. ಮೂರನೆಯದು ಹಾಸನದಲ್ಲಿ: 2006ರ ಮಾರುತಿ ಜಿಪ್ಸಿ. ಮೂರೂ ಮೂರೂವರೆ ಲಕ್ಷದ ಆಸುಪಾಸು. ಯಾವ ಮಾಡೆಲ್ ಒಳ್ಳೇದು? ಮನೆಯವರಿಗೆ ಹೋಂಸ್ಟೇ ಮಾಡುವ ಆಸೆ ಇದೆ. ಬಂದವರನ್ನು ಇದರಲ್ಲೇ ದೇವರಮನೆ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದಾ? ಸಕಲೇಶಪುರದವರು ಭಾನುವಾರದೊಳಗೆ ಅಡ್ವಾನ್ಸ್ ಕೊಡಿ ಅಂತಿದ್ದಾರೆ.

ಸಂಪಾದಕರ ಉತ್ತರ:

ಭಾನುವಾರದೊಳಗೆ ಅಡ್ವಾನ್ಸ್ ಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಯಾವ ಮಾಡೆಲ್ ಒಳ್ಳೇದು ಅಂತ ಕೇಳಿದ್ದೀರಿ. ಇಷ್ಟು ವಯಸ್ಸಾದ ಗಾಡಿಗಳ ವಿಷಯದಲ್ಲಿ ಮಾಡೆಲ್ಲಿಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದೇ ತಿಂಗಳು ಕಾರ್ಖಾನೆಯಿಂದ ಹೊರಬಿದ್ದ ಎರಡು 540 ತಗೊಳ್ಳಿ. ಒಂದು ಬೇಲೂರು ಪೇಟೆಯ ಶೆಡ್ಡಿನಲ್ಲಿ ನಿಂತಿತ್ತು, ಇನ್ನೊಂದು ತೋಟದಲ್ಲಿ ವರ್ಷವಿಡೀ ಗೊಬ್ಬರ ಹೊತ್ತಿತು. ಈಗ ಅವೆರಡೂ ಬೇರೆ ಬೇರೆ ಗಾಡಿಗಳೇ. ಮಹೀಂದ್ರಕ್ಕೂ ಜಿಪ್ಸಿಗೂ ಇರುವ ವ್ಯತ್ಯಾಸ ಅದರ ಮುಂದೆ ಏನೂ ಅಲ್ಲ. ಹಾಗಾಗಿ ಮೊದಲು ಚಾಸಿ, ಅಂದರೆ ಗಾಡಿಯನ್ನು ಹೊತ್ತ ಕೆಳಗಿನ ಕಬ್ಬಿಣದ ಚೌಕಟ್ಟು, ಆಮೇಲೆ ಕಾಗದ, ಕೊನೆಗೆ ಎಂಜಿನ್. ನಮ್ಮಲ್ಲಿ ಎಲ್ಲರೂ ಉಲ್ಟಾ ನೋಡುತ್ತಾರೆ. ಬಾನೆಟ್ ಎತ್ತಿ, ಸೌಂಡು ಕೇಳಿ, ತಲೆ ಆಡಿಸಿ, ವ್ಯಾಪಾರ ಮುಗಿಸುತ್ತಾರೆ.

ಎಂಜಿನ್ ಹೋದರೆ ಇನ್ನೊಂದು ಬರುತ್ತದೆ. ಚಾಸಿ ಹೋದರೆ ಜೀಪೇ ಹೋಯಿತು. ಮಲೆನಾಡಿನ ಜೀಪುಗಳನ್ನು ಮಳೆ ಒಂದೇ ತಿನ್ನುವುದಲ್ಲ. ಪೊಟ್ಯಾಷ್ ಮೂಟೆ ತೂತಾಗಿ ಹಿಂದೆ ಚೆಲ್ಲಿರುತ್ತದೆ, ಯಾರೂ ತೊಳೆಯುವುದಿಲ್ಲ. ಪೊಟ್ಯಾಷ್ ಅಂದರೆ ಒಂದು ಬಗೆಯ ಉಪ್ಪೇ. ಹಸಿ ಸೇರಿದರೆ ತಗಡನ್ನು ತಿಂದೇ ತಿನ್ನುತ್ತದೆ. ಫ್ಲೋರಿನ ಮೇಲೆ ಹೊಸ ತಗಡು ಬಡಿದಿದ್ದರೆ, ಕೆಳಗೆ ಏನಿತ್ತು ಅಂತ ಯೋಚಿಸಿ. ಮ್ಯಾಟ್ ಎತ್ತಿಸಿ ನೋಡಿ, ನಾಚಿಕೆ ಬೇಡ.

ಆಮೇಲೆ ಒಂದು ಗೋಣಿಚೀಲ ಹಾಸಿ ಕೆಳಗೆ ಮಲಗಿ. ಟಾರ್ಚು, ಹಳೇ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ಇರಲಿ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಕಟ್ಟು ಚಾಸಿಗೆ ಸೇರುವ ಜಾಗ, ಅಂದರೆ ಶ್ಯಾಕಲ್ ಇರುವ ಕಡೆ, ಮತ್ತು ತೀರಾ ಹಿಂದಿನ ಅಡ್ಡಪಟ್ಟಿ, ಇವೆರಡರಲ್ಲಿ ಕೆಸರು ಕೂತು ವರ್ಷಗಟ್ಟಲೆ ಒಣಗುವುದೇ ಇಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಹುಡಿ ಉದುರುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ. ಒಳಗೆ ಹೋದರೆ ಎದ್ದು ಮೈ ಕೊಡವಿಕೊಂಡು ಬನ್ನಿ. ಚಾಸಿಗೆ ಹೊಸದಾಗಿ ದಪ್ಪನೆ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜಾಸ್ತಿ ತಟ್ಟಿ. ಸಕಲೇಶಪುರದ ಜೀಪಿನ ಹೊಸ ಪೇಂಟು ನಿಮಗೆ ಇಷ್ಟವಾದಂತಿದೆ. ನನಗೆ ಆ ಪೇಂಟಿನ ಮೇಲೇ ಅನುಮಾನ.

ಇನ್ನು ಕಾಗದ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆ, ಮಾಡಿಸಿ ಐದೈದು ವರ್ಷಕ್ಕೊಮ್ಮೆ ರಿನ್ಯೂವಲ್. 1995ರ ಗಾಡಿ ಅಂದರೆ 2010, 2015, 2020, 2025. ಈ ನಾಲ್ಕೂ ಸಲ ಆಗಿದೆಯಾ ನೋಡಿ. 2006ರ ಜಿಪ್ಸಿಗೆ 2021ರಲ್ಲಿ ಆಗಿರಬೇಕು, 2026ಕ್ಕೆ ಮತ್ತೆ ಬರುತ್ತದೆ. 2022ರ ಏಪ್ರಿಲ್‌ನಿಂದ ಹಳೇ ಕಾರು, ಜೀಪಿನ ರಿನ್ಯೂವಲ್ ಫೀಸು 5000 ರೂಪಾಯಿಗೆ ಏರಿದೆ. 20 ವರ್ಷ ದಾಟಿದ ಗಾಡಿಗೆ ಈಗ ಅದಕ್ಕಿಂತಲೂ ಜಾಸ್ತಿ. ಇದನ್ನು ಯಾರು ಕಟ್ಟುತ್ತಾರೆ ಅಂತ ರೇಟು ಮಾತಾಡುವಾಗಲೇ ತೀರ್ಮಾನ ಮಾಡಿಕೊಳ್ಳಿ.

ಎರಡನೇ ಜೀಪಿನ ವಿಷಯ ಇಲ್ಲಿಯೇ ಮುಗಿದುಹೋಗಬಹುದು. 540 ಬಂದದ್ದು ಪ್ಯೂಜೊ ಎಂಜಿನ್ನಿನಲ್ಲಿ. ನೀವು ನೋಡಿದ್ದರಲ್ಲಿ ಡಿಐ, ಅಂದರೆ ಡೀಸೆಲ್ ನೇರವಾಗಿ ಸಿಲಿಂಡರಿಗೇ ಹೋಗುವ ಎಂಜಿನ್, ಕೂರಿಸಿದ್ದಾರೆ. ಆರ್‌ಸಿಯಲ್ಲಿ ಯಾವ ಎಂಜಿನ್ ನಂಬರ್ ಇದೆ? ಆರ್‌ಟಿಒ ಅನುಮತಿ ತೆಗೆದುಕೊಂಡು ಬದಲಾಯಿಸಿ ನಮೂದು ಮಾಡಿಸಿದ್ದರೆ ಸರಿ. ಇಲ್ಲದಿದ್ದರೆ ಎಫ್‌ಸಿಗೆ ಹೋದ ದಿನ ಸಿಕ್ಕಿಬೀಳುವವರು ನೀವು, ಮಾರಿದವರಲ್ಲ. ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಎಕ್ಸ್ಟ್ರಾ ದಪ್ಪ ಟೈರಿನ ವಿಷಯದಲ್ಲೂ ಹುಷಾರಾಗಿರಿ. ಮೇಲಾಗಿ ಹೊರರಾಜ್ಯದ ನಂಬರ್. ಆ ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬರಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು. "ಎನ್‌ಒಸಿ ನಾವು ಕೊಡಿಸ್ತೀವಿ ಸಾರ್" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಎನ್‌ಒಸಿ ಕೈಗೆ ಬಂದ ಮೇಲೆ ಕೊಡಿ. ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ತೆಗೆದು ಆರ್‌ಸಿಗೆ ಹೋಲಿಸಿ. ಬೇರೆ ಬೇರೆ ಕಡೆಯ ಬಿಡಿಭಾಗ ಜೋಡಿಸಿ ಕಟ್ಟಿದ ಜೀಪುಗಳು ಉತ್ತರ ಭಾರತದಿಂದ ಇಲ್ಲಿಗೂ ಬರುತ್ತವೆ.

ಈಗ ಎಂಜಿನ್. ಪ್ಯೂಜೊದ ಪೂರ್ತಿ ಹೆಸರು ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರು, ಒಟ್ಟು 2112 ಸಿಸಿ. ಡಿಐಗಿಂತ ನಯ, ಕೈಗೆ ಅದುರು ಕಮ್ಮಿ. ಆದರೆ ಡೀಸೆಲ್ ನೇರವಾಗಿ ಸಿಲಿಂಡರಿಗೆ ಹೋಗದೆ ಪಕ್ಕದ ಸಣ್ಣ ಕೋಣೆಯಲ್ಲಿ ಉರಿಯುವ ಎಂಜಿನ್ ಇದು. ಹಾಗಾಗಿ ಡಿಸೆಂಬರ್ ಚಳಿಯಲ್ಲಿ ಎಂಜಿನ್ನಿನ ಹೀಟರ್ ಪ್ಲಗ್ ಕಾಯದೆ ಸ್ಟಾರ್ಟ್ ಆಗುವುದಿಲ್ಲ. ಓಡುವಾಗ ಅತಿಯಾಗಿ ಹೀಟ್ ಆಗಲು ಬಿಟ್ಟರೆ ಎಂಜಿನ್ನಿನ ಹೆಡ್ಡಿಗೇ ಪೆಟ್ಟು. ಡಿಐ ಹಾಗಲ್ಲ. ಅದರ ಬೇರು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಎಂಜಿನ್ನಿನಲ್ಲಿದೆ. ಗಡಗಡ ಅನ್ನುತ್ತದೆ, ಕಮ್ಮಿ ಆರ್‌ಪಿಎಂನಲ್ಲೇ ಎಳೆಯುತ್ತದೆ, ಮೈಲೇಜ್ ಸ್ವಲ್ಪ ಜಾಸ್ತಿ. ತೋಟದ ಕೆಲಸಕ್ಕೆ ಎರಡೂ ಆಗುತ್ತವೆ.

ನೋಡಲು ಬೆಳಿಗ್ಗೆ ಬೇಗ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಐದು ನಿಮಿಷ ಬಿಟ್ಟು, ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ತೆಳ್ಳಗೆ ಹಬೆ ಬಂದರೆ ಪರವಾಗಿಲ್ಲ. ಹೊಗೆ ಬುಸು ಬುಸು ಅಂತ ನುಗ್ಗಿದರೆ ರಿಂಗು, ಲೈನರ್ ಸವೆದಿವೆ. ಎಂಜಿನ್ ಕೆಲಸದ ಖರ್ಚನ್ನು ರೇಟಿನಲ್ಲಿ ಕಳೆಯಿರಿ.

ಆಮೇಲೆ ಮಣ್ಣಿನ ಇಳಿಜಾರು ಹುಡುಕಿ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್ ವೀಲ್ ಹಾಕಿ, ಲೋ ಗೇರಿಗೆ ಹಾಕಿ, ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಲಿವರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಗೇರು ಸವೆದಿದೆ. ಬೆಟ್ಟದಿಂದ ಇಳಿಯುವಾಗ ಹೀಗಾದರೆ ಎಂಜಿನ್ ಹಿಡಿತ ತಪ್ಪುತ್ತದೆ, ಬ್ರೇಕ್ ಒಂದೇ ಗತಿ. ಡ್ರಮ್ ಬ್ರೇಕಿಗೆ ಹಳ್ಳದ ನೀರು ಹೊಕ್ಕಿದ್ದರೆ ಅದೂ ಇಲ್ಲ. ಈ ಪರೀಕ್ಷೆಯನ್ನು ಟಾರು ರಸ್ತೆಯಲ್ಲಿ ಮಾಡಬೇಡಿ. ಈ ಜೀಪುಗಳಲ್ಲಿ ಫೋರ್ ವೀಲ್ ಹಾಕಿದಾಗ ಹಿಂದಿನ, ಮುಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಬೇಕು. ಗಟ್ಟಿ ನೆಲದಲ್ಲಿ ತಿರುವು ತೆಗೆದುಕೊಂಡರೆ ಗೇರು ಬಿಗಿದುಕೊಳ್ಳುತ್ತದೆ. ಹಾಗೆಯೇ ಮುಂದಿನ ಆಕ್ಸಲ್ ಕಂಪನಿಯದ್ದೇ ಅಥವಾ ಆಮೇಲೆ ಹಾಕಿಸಿದ್ದಾ ಕೇಳಿ. ಮಹೀಂದ್ರ ಜೀಪುಗಳಲ್ಲಿ ಟೂ ವೀಲ್‌ನವೂ ಬಹಳ ಬಂದಿವೆ.

ಜಿಪ್ಸಿ ವಿಷಯ ಹೇಳಲೇಬೇಕು. 1985ರಲ್ಲಿ ಬಂದಾಗ ಅದಕ್ಕಿದ್ದದ್ದು 970 ಸಿಸಿ. 1996ರಲ್ಲಿ 1300 ಆಯಿತು. 2000ದಿಂದ 16 ವಾಲ್ವಿನ ಎಂಪಿಎಫ್‌ಐ ಪೆಟ್ರೋಲ್ ಎಂಜಿನ್, 80 ಎಚ್‌ಪಿ. ನೀವು ನೋಡಿದ್ದು ಇದೇ ಕೊನೆಯದು, ಇದ್ದುದರಲ್ಲಿ ಒಳ್ಳೇದು. ಕೆಸರಿನಲ್ಲಿ ಜಿಪ್ಸಿ ಹೋದಷ್ಟು ಸಲೀಸಾಗಿ 540 ಹೋಗುವುದಿಲ್ಲ, ಯಾಕೆಂದರೆ ಜಿಪ್ಸಿ ಹಗುರ. ಬರೀ ಮನೆಯವರು ಓಡಾಡಲು ಅಂದಿದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ತೋಟದ ಗಾಡಿಗೆ ಮೂಟೆ ತಪ್ಪುವುದಿಲ್ಲ. 50 ಕೆಜಿಯ ಹತ್ತು ಮೂಟೆ ಹೇರಿಕೊಂಡು ಏರು ಹತ್ತಿಸಿದರೆ, ಪೆಟ್ರೋಲ್ ಬಂಕಿನವರು ನಿಮ್ಮ ಹೆಸರು ಹಿಡಿದು ಕರೆಯಲು ಶುರು ಮಾಡುತ್ತಾರೆ.

ಹೋಂಸ್ಟೇ ಪ್ರಶ್ನೆಗೆ ಉತ್ತರ ಚಿಕ್ಕದು. ಬಿಳಿ ಬೋರ್ಡಿನ ಜೀಪಿನಲ್ಲಿ ದುಡ್ಡು ತೆಗೆದುಕೊಂಡು ಜನ ಕರೆದೊಯ್ಯುವಂತಿಲ್ಲ. ರೂಮಿನ ಬಾಡಿಗೆಯಲ್ಲೇ ಸೇರಿಸಿದರೂ ಅದು ಬಾಡಿಗೆಯೇ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುವುದು ಇದನ್ನೇ. ಆ ಓಡಾಟಕ್ಕೆ ಹಳದಿ ಬೋರ್ಡಿನವರನ್ನು ಕರೆಸಿ.

ನನ್ನನ್ನು ಕೇಳಿದರೆ ಮೂಡಿಗೆರೆಯದ್ದನ್ನು ಮೊದಲು ನೋಡಿ. ನೋಡಲು ಚೆನ್ನಾಗಿಲ್ಲ ಅಂತ ಬರೆದಿದ್ದೀರಿ, ನನಗೆ ಅದೇ ಇಷ್ಟವಾದದ್ದು. ಏನೂ ಮುಚ್ಚಿಟ್ಟಿಲ್ಲ ಅಂತಾಯಿತು. ಊರಿನ ಗಾಡಿ, ಊರಿನ ನಂಬರ್. ಯಾರ ಕೈಯಲ್ಲಿತ್ತು, ಏನು ಹೊರುತ್ತಿತ್ತು ಅಂತ ಗ್ಯಾರೇಜಿನವರೇ ಹೇಳುತ್ತಾರೆ. ಚಾಸಿ ಟಣ್ ಅಂದರೆ ತಗೊಳ್ಳಿ. ಡಬ್ ಅಂದರೆ ಹಾಸನಕ್ಕೆ ಹೋಗಿ ಜಿಪ್ಸಿ ನೋಡಿ, ಮೂಟೆಗೆ ಪಿಕಪ್ ಬಾಡಿಗೆಗೆ ಹೇಳಿ. ಸಕಲೇಶಪುರದ್ದನ್ನು ಕಾಗದ ಪೂರ್ತಿ ಸರಿಯಾಗುವವರೆಗೆ ಮುಟ್ಟಬೇಡಿ.

ಮೂರೂವರೆ ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ಎಪ್ಪತ್ತೈದು ಸಾವಿರವಾದರೂ ಪಕ್ಕಕ್ಕಿಡಿ. ತಂದ ವಾರವೇ ಎಂಜಿನ್, ಗೇರ್‌ಬಾಕ್ಸ್, ಎರಡೂ ಆಕ್ಸಲ್ಲಿನ ಕ್ರೌನ್ ಗೇರಿನ ಆಯಿಲ್ ಬದಲಾಯಿಸಿ, ಬ್ರೇಕ್ ಪೂರ್ತಿ ಬಿಚ್ಚಿಸಿ, ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್ ನೋಡಿಸಿ. ಐವತ್ತು ಸ್ಪೀಡಿನಲ್ಲಿ ಸ್ಟೇರಿಂಗ್ ಗಡಗಡ ನಡುಗಿದರೆ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ. ಜೀಪಿನ ಬಟ್ಟೆಯ ಟಾಪು ಹರಿದಿದ್ದರೆ ಏಪ್ರಿಲ್‌ನಲ್ಲೇ ಹೊಲಿಸಿ. ಮೇ ಕೊನೆಗೆ ಹೋದರೆ ಮೂಡಿಗೆರೆಯಲ್ಲಿ ಹೊಲಿಯುವವರು ಕೈಗೇ ಸಿಗುವುದಿಲ್ಲ.